ಕಾದಂಬರಿ ಅನ್ನೋದು ಒಬ್ಬ ಹುಡುಗಿಯ ಹೆಸರು

1/7

ಫ್ರೆಂಡ್ಸ್, ಒಂದು ಪ್ರಶ್ನೆ. ನಾವೆಲ್‌ಗೆ ಕನ್ನಡದಲ್ಲಿ ಏನಂತೀವಿ? ಕಾದಂಬರಿ. ಆ ಪದ ಎಲ್ಲಿಂದ ಬಂತು?

ಅದು ಒಬ್ಬ ಹುಡುಗಿಯ ಹೆಸರು. ಗಂಧರ್ವ ಲೋಕದ ರಾಜಕುಮಾರಿ. ಭೂಮಿಯ ಒಬ್ಬ ರಾಜಕುಮಾರನ ಮೇಲೆ ಅವಳಿಗೆ ಪ್ರೀತಿ ಹುಟ್ಟುತ್ತೆ. ನಡುವೆ ಶಾಪ, ಸಾವು, ಮರುಜನ್ಮ, ಮಾತಾಡೋ ಗಿಳಿ ಎಲ್ಲ ಬರುತ್ತೆ. ಅಂದ್ರೆ ಈಗ ಎಲ್ಲರ ಫೀಡ್‌ನಲ್ಲೂ ಓಡ್ತಿರೋ ‘ರೊಮ್ಯಾಂಟಸಿ’ ಇದೆಯಲ್ಲ, ಹೆಚ್ಚುಕಮ್ಮಿ ಅದೇ.

ಈ ವರ್ಷ ನಾನು 43 ಪುಸ್ತಕ ಓದಿದೆ. ಅದರಲ್ಲಿ 31 ರೊಮ್ಯಾನ್ಸ್ ಅಥವಾ ಫ್ಯಾಂಟಸಿ. ರೆಬೆಕಾ ಯಾರೋಸ್ ಅವರ ಡ್ರ್ಯಾಗನ್‌ಗಳು, ಸಾರಾ ಜೆ. ಮಾಸ್ ಅವರ ಫೇ ರಾಜರು, ಆಮೇಲೆ ನಿಧಾನಕ್ಕೆ ನಮ್ಮ ತ್ರಿವೇಣಿ, ಎಂ.ಕೆ. ಇಂದಿರಾ, ಎಚ್.ಜಿ. ರಾಧಾದೇವಿ. ಲಿಸ್ಟ್ ಸ್ಟೋರಿಗೆ ಹಾಕಿದಾಗ ಬಂದ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಥರ: ‘ಬರೀ ಲವ್ ಸ್ಟೋರಿನಾ? ಏನಾದ್ರೂ ಉಪಯೋಗ ಆಗೋದು ಓದು.’

ಬೇಜಾರಾಗಲಿಲ್ಲ. ಆದ್ರೆ ಒಂದು ಕುತೂಹಲ ಹುಟ್ಟಿತು. ಕನ್ನಡದಲ್ಲಿ ಈ ‘ಉಪಯೋಗ ಇಲ್ಲದ’ ಓದಿನ ಇತಿಹಾಸ ಎಷ್ಟು ಹಿಂದಕ್ಕೆ ಹೋಗುತ್ತೆ? ಉತ್ತರ ಏಳು ಪೋಸ್ಟ್‌ಗಳಲ್ಲಿದೆ. ಸೇವ್ ಮಾಡಿಟ್ಕೊಳ್ಳಿ, ಬಸ್ಸಲ್ಲಿ ಓದಿ.

2/7

ಮೊದಲು ಕಾದಂಬರಿಯ ಕಥೆ. ಬರೆದವನು ಬಾಣಭಟ್ಟ. 7ನೇ ಶತಮಾನ, ಹರ್ಷವರ್ಧನನ ಆಸ್ಥಾನ, ಭಾಷೆ ಸಂಸ್ಕೃತ, ಗದ್ಯ.

ಶೂದ್ರಕ ಅನ್ನೋ ರಾಜನ ಆಸ್ಥಾನಕ್ಕೆ ಒಬ್ಬ ಹುಡುಗಿ ಒಂದು ಗಿಳಿ ತರ್ತಾಳೆ. ಗಿಳಿ ಕಥೆ ಶುರು ಮಾಡುತ್ತೆ. ಉಜ್ಜಯಿನಿಯ ರಾಜಕುಮಾರ ಚಂದ್ರಾಪೀಡ, ಕಿನ್ನರ ಜೋಡಿಯೊಂದನ್ನ ಅಟ್ಟಿಸ್ಕೊಂಡು ಹೋಗಿ ದಾರಿ ತಪ್ಪಿ ಅಚ್ಛೋದ ಸರೋವರ ತಲುಪ್ತಾನೆ. ಅಲ್ಲಿ ತಪಸ್ಸಿಗೆ ಕೂತ ಮಹಾಶ್ವೇತೆ ಸಿಗ್ತಾಳೆ. ಅವಳು ಪ್ರೀತಿಸಿದ ಪುಂಡರೀಕ, ಸೇರೋದಕ್ಕೆ ಮೊದಲೇ ವಿರಹದಲ್ಲಿ ಸತ್ತಿದ್ದಾನೆ. ಅವಳ ಜೀವದ ಗೆಳತಿಯೇ ಕಾದಂಬರಿ. ‘ನನ್ನ ಗೆಳತಿ ದುಃಖದಲ್ಲಿ ಇರೋವರೆಗೂ ನಾನು ಮದುವೆ ಆಗಲ್ಲ’ ಅನ್ನೋದು ಕಾದಂಬರಿಯ ಹಟ. ಚಂದ್ರಾಪೀಡ ಎದುರಿಗೆ ಬಂದ ಮೇಲೆ ಆ ಹಟದ ಕಥೆ ಏನಾಗುತ್ತೆ ಅಂತ ನಿಮಗೇ ಗೊತ್ತಾಗಿರುತ್ತೆ.

ಮುಂದೆ ಸ್ಪಾಯ್ಲರ್ ಇದೆ. ಚಂದ್ರಾಪೀಡ ಎದೆಯೊಡೆದು ಸಾಯ್ತಾನೆ. ಆದ್ರೆ ದೇಹ ಕೆಡಲ್ಲ. ಕಾದಂಬರಿ ಅದನ್ನ ಕಾಯ್ತಾ ಕೂರ್ತಾಳೆ. ಕೊನೆಗೆ ಗೊತ್ತಾಗೋದು ಏನಂದ್ರೆ, ಇಷ್ಟು ಹೊತ್ತು ಕಥೆ ಕೇಳ್ತಿದ್ದ ರಾಜ ಶೂದ್ರಕನೇ ಚಂದ್ರಾಪೀಡನ ಮರುಜನ್ಮ. ಕಥೆ ಹೇಳ್ತಿದ್ದ ಗಿಳಿಯೇ ಪುಂಡರೀಕ!

ಪುಸ್ತಕ ಮುಗಿಸೋಕೆ ಮೊದಲೇ ಬಾಣ ತೀರಿಕೊಂಡ. ಉಳಿದದ್ದನ್ನ ಪೂರ್ತಿ ಮಾಡಿದ್ದು ಅವನ ಮಗ. ಮುಂದಿನ ಭಾಗಕ್ಕೆ ವರ್ಷಗಟ್ಟಲೆ ಕಾಯೋ ನಮ್ಮ ಸಂಕಟ ಹೊಸದಲ್ಲ.

3/7

ಇದು ಕನ್ನಡಕ್ಕೆ ಬಂದದ್ದು ಯಾವಾಗ? 10ನೇ ಶತಮಾನದ ಕೊನೆಗೆ. ಒಂದನೇ ನಾಗವರ್ಮ ‘ಕರ್ಣಾಟಕ ಕಾದಂಬರಿ’ ಬರೆದ. ಬಾಣನ ಉದ್ದುದ್ದ ಗದ್ಯವನ್ನ ಅಡಕ ಮಾಡಿ, ಪದ್ಯ ಗದ್ಯ ಬೆರೆಸಿ, ಚಂಪೂ ರೂಪದಲ್ಲಿ ಹೇಳಿದ. ಪಂಪ, ರನ್ನರ ಯುದ್ಧಕಾವ್ಯಗಳು ಬಂದ ಅದೇ ಶತಮಾನದಲ್ಲಿ, ಕನ್ನಡದಲ್ಲಿ ಒಂದು ಶುದ್ಧ ಪ್ರೇಮಕಥೆಯೂ ಇತ್ತು. ಪಿಯುಸಿಯಲ್ಲಿ ನಾವು ಗದಾಯುದ್ಧದ ಸಾರಾಂಶ ಬಾಯಿಪಾಠ ಮಾಡಿದ್ವಿ. ಇದರ ಹೆಸರು ಮಾತ್ರ ‘ಕವಿ ಕಾವ್ಯ ಹೊಂದಿಸಿ ಬರೆಯಿರಿ’ಯಲ್ಲಿ ಬಂದು ಹೋಯ್ತು.

12ನೇ ಶತಮಾನದಲ್ಲಿ ಇನ್ನೊಂದು ಬಂತು: ನೇಮಿಚಂದ್ರನ ‘ಲೀಲಾವತಿ’. ಬನವಾಸಿಯ ರಾಜಕುಮಾರ ಕಂದರ್ಪದೇವನ ಕನಸಲ್ಲಿ ಒಬ್ಬಳು ಬರ್ತಾಳೆ. ಅವಳ ಕನಸಲ್ಲಿ ಇವನು ಬರ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ನೋಡೇ ಇಲ್ಲ. ಹುಡುಕಾಟವೇ ಕಥೆ. ಇದನ್ನೇ ಈಗ ಇಂಗ್ಲಿಷಲ್ಲಿ ಬರೆದ್ರೆ ನಾವು ಪ್ರೀ ಆರ್ಡರ್ ಮಾಡ್ತಿದ್ವಿ. ಅದೂ ನಮ್ಮ ಶಿರಸಿ ಪಕ್ಕದ ಬನವಾಸಿಯ ಹೀರೋ!

ಆ ಕಾಲದಲ್ಲಿ ಈ ಕಥೆಗಳು ಆಸ್ಥಾನದ ಕಥೆಗಳು. ಕೇಳೋರು ರಾಜರು, ಮಂತ್ರಿಗಳು, ಪಂಡಿತರು. ಕವಿಗೆ ಇವುಗಳಿಂದ ಗೌರವವೇ ಸಿಕ್ಕಿತ್ತು. ಇದನ್ನ ನೆನಪಿಟ್ಕೊಳ್ಳಿ. ಯಾಕಂದ್ರೆ ಮುಂದಿನ ಪೋಸ್ಟ್‌ನಲ್ಲಿ ಓದೋರು ಬದಲಾಗ್ತಾರೆ. ಓದೋರು ಬದಲಾದ ಕೂಡ್ಲೇ ಪುಸ್ತಕದ ಬೆಲೆ ಹೇಗೆ ಇಳಿಯುತ್ತೆ ನೋಡಿ.

4/7

19ನೇ ಶತಮಾನ. ಅಚ್ಚಿನ ಯಂತ್ರ ಬಂತು, ಶಾಲೆಗಳು ಬಂದ್ವು, ಇಂಗ್ಲಿಷಿನ ನಾವೆಲ್ ಅನ್ನೋ ಹೊಸ ಸರಕು ಬಂತು. ಅದಕ್ಕೊಂದು ಹೆಸರು ಬೇಕಾದಾಗ ಕನ್ನಡ, ಮರಾಠಿ ಎರಡೂ ಆ ಗಂಧರ್ವ ಹುಡುಗಿಯ ಹೆಸರನ್ನೇ ಇಟ್ಟುಕೊಂಡವು. ಬಂಗಾಳಿ, ಹಿಂದಿಯವರು ‘ಉಪನ್ಯಾಸ’ ಅಂದ್ರು. (ನಮಗೆ ಉಪನ್ಯಾಸ ಅಂದ್ರೆ ಕ್ಲಾಸಲ್ಲಿ ನಿದ್ದೆ ತರಿಸೋದು. ಬಚಾವಾದ್ವಿ.)

ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನ ಕನ್ನಡಕ್ಕೆ ತಂದ್ರು. ಅವುಗಳಲ್ಲಿ ‘ದುರ್ಗೇಶನಂದಿನಿ’ ಒಂದು. ರಜಪೂತ ವೀರ ಜಗತ್‌ಸಿಂಹ, ಕೋಟೆಯ ಒಡೆಯನ ಮಗಳು ತಿಲೋತ್ತಮೆ, ನಡುವೆ ಯುದ್ಧ. ಗಾಯಗೊಂಡು ಸೆರೆಸಿಕ್ಕ ಹೀರೋನ ಆರೈಕೆ ಮಾಡಿ ಅವನನ್ನೇ ಪ್ರೀತಿಸೋ ಶತ್ರುಪಾಳಯದ ಆಯೇಷಾ. ಓದಿದವರೆಲ್ಲ ಆಯೇಷಾ ಪರವೇ ಇರ್ತಾರೆ ಅಂತ ಬೆಟ್ ಕಟ್ತೀನಿ.

ಉತ್ತರ ಕರ್ನಾಟಕದಲ್ಲಿ ಗಳಗನಾಥರು (1869-1942). ಮರಾಠಿಯ ಹರಿ ನಾರಾಯಣ ಆಪ್ಟೆಯವರ ಐತಿಹಾಸಿಕ ಕಾದಂಬರಿಗಳನ್ನ ಕನ್ನಡಕ್ಕೆ ತಂದ್ರು, ‘ಮಾಧವ ಕರುಣಾವಿಲಾಸ’ ಬರೆದ್ರು. ಆಮೇಲೆ ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದ್ರು. ಮಾರ್ಕೆಟಿಂಗ್ ಪೇಪರ್‌ನಲ್ಲಿ ‘ಡೈರೆಕ್ಟ್ ಸೆಲ್ಲಿಂಗ್’ಗೆ ಉದಾಹರಣೆ ಕೇಳಿದ್ರೆ ನಾನು ಇದನ್ನೇ ಬರೆಯೋದು.

ಓದೋದು ಈಗ ಆಸ್ಥಾನದಿಂದ ಮನೆಗೆ ಬಂತು. ಮನೆಯಲ್ಲಿ ಯಾರಿದ್ರು? ಹೆಣ್ಣುಮಕ್ಕಳು. ‘ಕಾದಂಬರಿ ಓದಿದ್ರೆ ಹುಡುಗೀರು ಕೆಡ್ತಾರೆ’ ಅನ್ನೋ ಮಾತೂ ಅದರ ಹಿಂದೆಯೇ ಬಂತು.

5/7

ಆ ಮಾತಿಗೆ ಮೊದಲ ಉತ್ತರ ಕೊಟ್ಟವರಲ್ಲಿ ನಂಜನಗೂಡಿನ ತಿರುಮಲಾಂಬ (1887-1982) ಒಬ್ಬರು. ಬಾಲ್ಯವಿವಾಹ, ಹದಿಹರೆಯದಲ್ಲೇ ವೈಧವ್ಯ. ಓದಿದ್ದು ಮನೆಯಲ್ಲೇ. 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆ ಶುರು ಮಾಡಿ ತಾವೇ ಬರೆದ್ರು, ತಾವೇ ಪ್ರಕಟಿಸಿದ್ರು, ಪತ್ರಿಕೆಯನ್ನೂ ನಡೆಸಿದ್ರು. ‘ಸುಶೀಲೆ’ ಆ ಕಾಲದ ಕಾದಂಬರಿ. ವಿಧವೆ ಅಂದ್ರೆ ಮೂಲೆಯಲ್ಲಿ ಕೂರಬೇಕಾಗಿದ್ದ ಕಾಲದಲ್ಲಿ ಒಬ್ಬಾಕೆ ಪ್ರಕಾಶಕಿ ಆದ್ರು! ಆಮೇಲೆ ಹಲವು ದಶಕ ಸಾಹಿತ್ಯಲೋಕ ಅವರನ್ನ ಮರೆತೇಬಿಟ್ಟಿತ್ತು.

ಮುಂದೆ ತ್ರಿವೇಣಿ (1928-1963). ನಿಜವಾದ ಹೆಸರು ಅನಸೂಯಾ ಶಂಕರ್. ಮೈಸೂರಲ್ಲಿ ಮನಃಶಾಸ್ತ್ರ ಓದಿದವರು. 1953ರಲ್ಲಿ ‘ಹೂವು ಹಣ್ಣು’. ಅಲ್ಲಿಂದ ಹತ್ತೇ ವರ್ಷದಲ್ಲಿ 20ಕ್ಕೂ ಹೆಚ್ಚು ಕಾದಂಬರಿ. ಹೆರಿಗೆಯಾದ ಸ್ವಲ್ಪ ದಿನಕ್ಕೇ ತೀರಿಕೊಂಡ್ರು. ಬಾಣಂತಿಯ ಮನಸ್ಸು ಒಡೆಯೋ ಕಥೆ ‘ಶರಪಂಜರ’ ಬರೆದವರೇ ಅವರು ಅನ್ನೋದನ್ನ ನೆನೆದ್ರೆ ಸಂಕಟ ಆಗುತ್ತೆ.

‘ಬೆಳ್ಳಿಮೋಡ’ ಈ ವರ್ಷ ನನಗೆ ತುಂಬ ಹಿಡಿಸಿದ ಪುಸ್ತಕ. ಕಾಫಿ ತೋಟದ ಒಬ್ಬಳೇ ಮಗಳು ಇಂದಿರಾ. ಅವಳಪ್ಪನ ದುಡ್ಡಲ್ಲಿ ಅಮೆರಿಕಕ್ಕೆ ಓದೋಕೆ ಹೋಗೋ ಹುಡುಗ ಮೋಹನ್. ಅಷ್ಟರಲ್ಲಿ ಅವಳಿಗೊಬ್ಬ ತಮ್ಮ ಹುಟ್ತಾನೆ, ಅಂದ್ರೆ ಆಸ್ತಿಗೆ ಬೇರೆ ವಾರಸುದಾರ. ಹುಡುಗನ ಪ್ರೀತಿ ಅಲ್ಲಿಗೇ ತಣ್ಣಗಾಗುತ್ತೆ. ಮುಂದೆ ಅವನಿಗೆ ಪೆಟ್ಟಾದಾಗ ಅವಳೇ ಆರೈಕೆ ಮಾಡ್ತಾಳೆ. ಅವನು ಪಶ್ಚಾತ್ತಾಪ ಪಟ್ಟು ಮದುವೆಯಾಗು ಅಂತಾನೆ. ಅವಳು ಒಪ್ಪಲ್ಲ.

1967ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನ ಸಿನಿಮಾ ಮಾಡಿದ್ರು. ಹುಡುಗಿಯರು ‘ಕೆಡೋದು’ ಅಂದ್ರೆ ಇದೇ ಇರಬೇಕು: ಬೇಡ ಅನ್ನೋಕೆ ಕಲಿಯೋದು.

6/7

ಈಗ ನಮ್ಮ ಅಮ್ಮ, ದೊಡ್ಡಮ್ಮಂದಿರ ಕಾಲ. 1965ರಲ್ಲಿ ‘ಸುಧಾ’, 1968ರಲ್ಲಿ ‘ಮಯೂರ’, 1983ರಲ್ಲಿ ‘ತರಂಗ’. ವಾರಪತ್ರಿಕೆಯ ಧಾರಾವಾಹಿ ಅಂದ್ರೆ ಆಗಿನ ವೆಬ್ ಸೀರೀಸ್. ಬೀದಿಬೀದಿಯಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿ, ದಿನದ ಬಾಡಿಗೆಗೆ ಪುಸ್ತಕ. ಸಾಯಿಸುತೆ, ಉಷಾ ನವರತ್ನರಾಂ, ಎಚ್.ಜಿ. ರಾಧಾದೇವಿ ಹೆಸರು ಕೇಳಿದ್ರೆ ಸಾಕು, ಈಗಲೂ ಮನೆಯ ಹಿರಿಯರ ಮುಖ ಅರಳುತ್ತೆ, ಟೆಸ್ಟ್ ಮಾಡಿ ನೋಡಿ.

ಫ್ಯಾಂಟಸಿಯೂ ಇತ್ತು. ತೆಲುಗಿನ ಯಂಡಮೂರಿ ವೀರೇಂದ್ರನಾಥ್ ಅವರ ಮಾಟಮಂತ್ರದ ‘ತುಳಸಿದಳ’ ಕನ್ನಡದಲ್ಲೂ ಜನರ ನಿದ್ದೆ ಕೆಡಿಸಿತು, 1985ರಲ್ಲಿ ಕನ್ನಡ ಸಿನಿಮಾನೂ ಆಯ್ತು. ಅಂದಹಾಗೆ ಅವರು ಓದಿದ್ದು ಸಿಎ. ಬಿಕಾಂ ಬಳಗಕ್ಕೆ ಶುಭ ಸುದ್ದಿ.

ರಾಧಾದೇವಿಯವರ ಕಾದಂಬರಿಯೊಂದು 1986ರಲ್ಲಿ ಡಾ. ರಾಜ್ ಅವರ ‘ಅನುರಾಗ ಅರಳಿತು’ ಸಿನಿಮಾ ಆಯ್ತು. ಫ್ಯಾಕ್ಟರಿಯ ಗರ್ವದ ಒಡತಿ, ಸ್ವಾಭಿಮಾನಿ ಕೆಲಸಗಾರ. ಅದೇ ಕಥೆ ತೆಲುಗಲ್ಲಿ ಚಿರಂಜೀವಿಯ ‘ಘರಾನಾ ಮೊಗುಡು’, ತಮಿಳಲ್ಲಿ ರಜನಿಕಾಂತ್‌ರ ‘ಮನ್ನನ್’, ಹಿಂದಿಯಲ್ಲಿ ‘ಲಾಡ್ಲಾ’ ಆಯ್ತು. ನಾಲ್ಕು ಭಾಷೆಯ ಸಿನಿಮಾಕ್ಕೆ ಬೇರು, ಕನ್ನಡದ ಹೆಣ್ಣುಮಗಳೊಬ್ಬರ ರೊಮ್ಯಾನ್ಸ್. ಇಂಥ ಬರವಣಿಗೆಗೆ ಆಗ ಸಿಕ್ಕ ಬಿರುದು ಮಾತ್ರ ‘ಅಡುಗೆಮನೆ ಸಾಹಿತ್ಯ’.

ಎಲ್ಲವೂ ಚಿನ್ನ ಅಂತ ನಾನು ಹೇಳ್ತಿಲ್ಲ. ಎಷ್ಟೋ ಪುಸ್ತಕದಲ್ಲಿ ಹೀರೋ ಕೆನ್ನೆಗೆ ಹೊಡೀತಾನೆ, ಹೀರೋಯಿನ್ ತಿದ್ದಿಕೊಳ್ತಾಳೆ. ಸಿಟ್ಟು ಬರುತ್ತೆ. ಆದ್ರೆ ಈಗಿನ ‘ಡಾರ್ಕ್ ರೊಮ್ಯಾನ್ಸ್’ ಓದಿ ಐದು ಸ್ಟಾರ್ ಕೊಡೋ ನಾವು ಆ ಪುಸ್ತಕಗಳಿಗೆ ಮಾತ್ರ ಮೂಗು ಮುರಿಯೋದು ನ್ಯಾಯ ಅಲ್ಲ.

ಅರಸೀಕೆರೆಯಲ್ಲಿರೋ ನಮ್ಮ ದೊಡ್ಡಮ್ಮನ ಟ್ರಂಕಲ್ಲಿ, ವಾರಪತ್ರಿಕೆಯಿಂದ ಕತ್ತರಿಸಿ ದಾರದಲ್ಲಿ ಹೊಲಿದ ಒಂದು ಧಾರಾವಾಹಿ ಇದೆ. ಮೊದಲ ಹಾಳೆ ಹರಿದಿದೆ, ಹೆಸರು ಗೊತ್ತಾಗಲ್ಲ. ಕೊನೆಯ ಎರಡು ಕಂತು ಇಲ್ವೇ ಇಲ್ಲ. ಯಾಕೆ ಅಂತ ಕೇಳಿದೆ. ‘ಆಗ ಮದುವೆ ಆಯ್ತಲ್ಲ ಮಗಾ, ಅವರ ಮನೇಲಿ ಪುಸ್ತಕ ತರಿಸ್ತಿರಲಿಲ್ಲ’ ಅಂದ್ರು. ಇವತ್ತಿಗೂ ಆ ಕಥೆ ಏನಾಯ್ತು ಅಂತ ಅವರಿಗೆ ಗೊತ್ತಿಲ್ಲ.

7/7

ಅಕೌಂಟ್ಸ್‌ನಲ್ಲಿ ಗುಡ್‌ವಿಲ್ ಅಂತ ಒಂದು ಬರುತ್ತೆ. ದುಡ್ಡು ಕೊಟ್ಟು ಕೊಂಡಿದ್ರೆ ಬ್ಯಾಲೆನ್ಸ್ ಶೀಟ್‌ಗೆ ಬರುತ್ತೆ. ವರ್ಷಾನುಗಟ್ಟಲೆ ನಾವೇ ಬೆಳೆಸಿದ ಗುಡ್‌ವಿಲ್‌ನ ಆಸ್ತಿ ಅಂತ ತೋರಿಸೋ ಹಾಗಿಲ್ಲ. ಕನ್ನಡದ ರೊಮ್ಯಾನ್ಸ್ ಓದುಗರ ಕಥೆ ಅದೇ. ಪತ್ರಿಕೆಯನ್ನ ವಾರವಾರ ಕಾದವರು, ಬಾಡಿಗೆ ಲೈಬ್ರರಿ ನಡೆಸಿದವರು, ಸಿನಿಮಾಕ್ಕೆ ಕಥೆ ಕೊಟ್ಟವರು, ಮಕ್ಕಳಿಗೆ ಓದೋ ಚಟ ಹತ್ತಿಸಿದವರು ಇವರೇ. ಪುಸ್ತಕದಲ್ಲಿ ಮಾತ್ರ ಅವರ ಲೆಕ್ಕ ಎಲ್ಲೂ ಇಲ್ಲ.

ಗಂಡಸರ ಆಸ್ಥಾನದಲ್ಲಿದ್ದಾಗ ಪ್ರೇಮ, ಮಾಯೆ, ಶಾಪದ ಕಥೆ ‘ಕಾವ್ಯ’ ಆಗಿತ್ತು. ಹೆಣ್ಣುಮಕ್ಕಳ ಕೈಗೆ ಬಂದ ಮೇಲೆ ಅದೇ ಕಥೆ ‘ಟೈಮ್ ವೇಸ್ಟ್’ ಆಯ್ತು. ಕಥೆ ಅಷ್ಟೇನೂ ಬದಲಾಗಿರಲಿಲ್ಲ. ಈ ವರ್ಷದ ಓದಲ್ಲಿ ನನಗೆ ಕಂಡದ್ದು ಇದು. ಹಾಗಾಗಿ ‘ಬರೀ ಲವ್ ಸ್ಟೋರಿನಾ?’ ಅಂತ ಕೇಳೋರಿಗೆ ನನ್ನ ಉತ್ತರ: ಹೌದು, ಸಾವಿರ ವರ್ಷದಿಂದ.

ಆದ್ರೆ ಒಂದು ಭಯ ಇದೆ. ಬಾಡಿಗೆ ಲೈಬ್ರರಿಗಳು ಒಂದೊಂದೇ ಮುಚ್ಚಿವೆ. ಆ ಕಾಲದ ಎಷ್ಟೋ ಪುಸ್ತಕ ಮರುಮುದ್ರಣ ಆಗಿಲ್ಲ. ಮನೆ ಖಾಲಿ ಮಾಡುವಾಗ ಮೊದಲು ತೂಕಕ್ಕೆ ಹೋಗೋದು ಇವೇ. ಇನ್ನು ಇಪ್ಪತ್ತು ವರ್ಷಕ್ಕೆ ನಾಗವರ್ಮ ಉಳಿದಿರ್ತಾನೆ, ಯಾಕಂದ್ರೆ ಅವನು ಸಿಲಬಸ್‌ನಲ್ಲಿದ್ದಾನೆ. ದೊಡ್ಡಮ್ಮನ ಆ ಹೆಸರಿಲ್ಲದ ಲೇಖಕಿ ಉಳಿಯಲ್ಲ.

ಹಾಗಾಗಿ ಈ ರಜೆಯಲ್ಲಿ ಎರಡು ಕೆಲಸ.

ಒಂದು, ಮನೆಯ ಹಿರಿಯರೊಬ್ಬರನ್ನ ಕೇಳಿ: ‘ನಿಮ್ಮ ಕಾಲದಲ್ಲಿ ಯಾವ ಕಾದಂಬರಿ ಇಷ್ಟ ಇತ್ತು?’ ಹೆಸರು ಕಾಮೆಂಟಲ್ಲಿ ಹಾಕಿ. ಎಲ್ಲ ಸೇರಿಸಿ ಒಂದು ಪಟ್ಟಿ ಮಾಡ್ತೀನಿ.

ಎರಡು, ಹತ್ತಿರದ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಆ ಪುಸ್ತಕ ಕೇಳಿ. ನಮ್ಮ ರಾಜ್ಯದ ಗ್ರಂಥಾಲಯ ಕಾಯ್ದೆ 1965ರದ್ದು. ಆಸ್ತಿ ತೆರಿಗೆಯ ಮೇಲೆ ಶೇ 6 ಗ್ರಂಥಾಲಯ ಸೆಸ್ ಕಟ್ತೀವಿ. ದುಡ್ಡು ಆಗಲೇ ಕೊಟ್ಟಾಗಿದೆ, ಪುಸ್ತಕ ತಗೊಂಡು ಬನ್ನಿ.

#ಕನ್ನಡಕಾದಂಬರಿ #ಈವರ್ಷದಓದು #ಬಿಕಾಂಬುಕ್‌ಶೆಲ್ಫ್