ಮೊದಲ ಲಂಡನ್ ಪ್ರಯಾಣ: ದೊಡ್ಡ ಪೆಟ್ಟಿಗೆಗಿಂತ ಕೈಚೀಲ ಮುಖ್ಯ

ಮಗನೋ ಮಗಳೋ ಲಂಡನ್‌ನಲ್ಲಿ ನೆಲೆಸಿರುವ ಕಾರಣದಿಂದ, ಅರುವತ್ತು ದಾಟಿದ ಮೇಲೆ ಮೊದಲ ಬಾರಿಗೆ ವಿದೇಶಕ್ಕೆ ಹೊರಡುವ ತಂದೆತಾಯಂದಿರು ಕರ್ನಾಟಕದಲ್ಲಿ ಅನೇಕರಿದ್ದಾರೆ. ಇಂಥ ಮನೆಗಳಲ್ಲಿ ತಿಂಗಳಿಡೀ ನಡೆಯುವುದು ದೊಡ್ಡ ಪೆಟ್ಟಿಗೆಯ ಚಿಂತೆ: ಚಟ್ನಿಪುಡಿ ಎಷ್ಟು, ಉಪ್ಪಿನಕಾಯಿ ಎಷ್ಟು, ಒಟ್ಟು ತೂಕ ಎಷ್ಟು. ಆದರೆ ಪೆಟ್ಟಿಗೆ ಒಂದು ದಿನ ತಡವಾಗಿ ಬಂದರೂ ನಡೆಯುತ್ತದೆ. ಪಾಸ್‌ಪೋರ್ಟ್, ಔಷಧ ಮತ್ತು ಇಳಿಯುವ ಮನೆಯ ವಿಳಾಸ ಕೈಯಲ್ಲಿಲ್ಲದಿದ್ದರೆ ಒಂದು ಗಂಟೆಯೂ ನಡೆಯದು. ಆದುದರಿಂದ ಸಿದ್ಧತೆಯನ್ನು ಕೈಚೀಲದಿಂದ ಆರಂಭಿಸುವುದು ಉಚಿತ.

ಹೆಸರು ಮತ್ತು ವೀಸಾ

ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರುಗಳನ್ನು ಇನಿಷಿಯಲ್‌ಗಳಾಗಿ ಬಳಸುವುದು ರೂಢಿ. ಪಾಸ್‌ಪೋರ್ಟ್‌ನಲ್ಲಿ ಅವು ವಿಸ್ತಾರಗೊಂಡಿರುತ್ತವೆ. ಟಿಕೆಟ್‌ನಲ್ಲಿರುವ ಹೆಸರು ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇರತಕ್ಕದ್ದು. ಆಧಾರ್ ಅಥವಾ ಬ್ಯಾಂಕ್ ಖಾತೆಯಲ್ಲಿರುವಂತೆ ಅಲ್ಲ.

ಬ್ರಿಟನ್ನಿನ ಸಂದರ್ಶಕ ವೀಸಾದಲ್ಲಿ ಸಾಮಾನ್ಯವಾಗಿ ಒಮ್ಮೆಗೆ 6 ತಿಂಗಳವರೆಗೆ ತಂಗಬಹುದು, ದುಡಿಮೆಗೆ ಅವಕಾಶವಿಲ್ಲ. ಪ್ರಯಾಣಕ್ಕೆ 3 ತಿಂಗಳು ಮುಂಚಿನಿಂದ ಅಂತರಜಾಲದ ಮೂಲಕ ಅರ್ಜಿ ಸಲ್ಲಿಸಬಹುದು. ಬೆರಳಚ್ಚು ಮತ್ತು ಭಾವಚಿತ್ರವನ್ನು ಬೆಂಗಳೂರಿನ ವೀಸಾ ಅರ್ಜಿ ಕೇಂದ್ರದಲ್ಲಿಯೇ ನೀಡಬಹುದು. ನಿರ್ಧಾರಕ್ಕೆ ಸಾಮಾನ್ಯವಾಗಿ 3 ವಾರ ಬೇಕು. ಮೂರನೆಯ ದೇಶದಲ್ಲಿ ವಿಮಾನ ಬದಲಿಸುವುದಿದ್ದರೆ ಅಲ್ಲಿಗೆ ಪ್ರತ್ಯೇಕ ಟ್ರಾನ್ಸಿಟ್ ವೀಸಾ ಬೇಕೇ ಎಂಬುದನ್ನು ಟಿಕೆಟ್ ಕೊಳ್ಳುವ ಮುನ್ನವೇ ಖಚಿತಪಡಿಸಿಕೊಳ್ಳಬೇಕು.

ಪೆಟ್ಟಿಗೆಯಲ್ಲಿ ಏನು ಸಲ್ಲದು

ಒಣಕೊಬ್ಬರಿಯನ್ನು ಒಯ್ಯದಿರುವುದು ಲೇಸು. ಎಣ್ಣೆಯಂಶ ಹೆಚ್ಚಿರುವ ಕಾರಣ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ವರ್ಗಕ್ಕೆ ಸೇರಿದೆ. ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲಿಯೇ ಇರಬೇಕು, ಪೆಟ್ಟಿಗೆಗೆ ಹಾಕುವಂತಿಲ್ಲ. ಕೈಚೀಲದಲ್ಲಿ ದ್ರವಪದಾರ್ಥಗಳ ಪ್ರತಿಯೊಂದು ಬಾಟಲಿಯೂ 100 ಮಿಲಿಲೀಟರ್ ಮೀರಬಾರದು. ತುಪ್ಪ ಹಾಗೂ ಉಪ್ಪಿನಕಾಯಿಗಳು ಸಹ ತಪಾಸಣೆಯಲ್ಲಿ ದ್ರವವೆಂದೇ ಪರಿಗಣಿತವಾಗುತ್ತವೆ.

ಇದರ ಜೊತೆಗೆ ಬ್ರಿಟನ್ನಿನ ನಿಯಮವೂ ಇದೆ. ಭಾರತದಿಂದ ಮಾಂಸ ಹಾಗೂ ಹಾಲಿನ ಪದಾರ್ಥಗಳನ್ನು ಸ್ವಂತ ಬಳಕೆಗೂ ತರುವಂತಿಲ್ಲ. ತುಪ್ಪವೂ ಧಾರವಾಡ ಪೇಡೆಯೂ ಈ ನಿಷೇಧಕ್ಕೆ ಒಳಪಡುತ್ತವೆ. ಸಾಂಬಾರುಪುಡಿ, ಹುರಿದ ಅವಲಕ್ಕಿಯಂಥ ಒಣ ತಿನಿಸುಗಳಿಗೆ ಈ ತೊಡಕಿಲ್ಲ.

ಔಷಧ ಮತ್ತು ವಿಮೆ

ರಕ್ತದೊತ್ತಡ, ಮಧುಮೇಹಗಳ ಔಷಧಗಳನ್ನು ಅವುಗಳ ಮೂಲ ಪೊಟ್ಟಣಗಳಲ್ಲಿಯೇ ಕೈಚೀಲದಲ್ಲಿ ಇರಿಸಿಕೊಳ್ಳಬೇಕು. ಇನ್ಸುಲಿನ್ ಅನ್ನು ಪೆಟ್ಟಿಗೆಗೆ ಹಾಕಲೇಬಾರದು. ಸರಕು ಕೋಣೆಯ ಚಳಿಗೆ ಅದು ಹೆಪ್ಪುಗಟ್ಟಿ ಕೆಡಬಹುದು. ವೈದ್ಯರ ಚೀಟಿಯಲ್ಲಿ ಕಂಪನಿಯ ಹೆಸರಿನ ಬದಲು ಔಷಧದ ಮೂಲ ರಾಸಾಯನಿಕ ಹೆಸರನ್ನು ಬರೆಸಿಕೊಳ್ಳುವುದು ಉತ್ತಮ. ಭಾರತದ ವ್ಯಾಪಾರನಾಮಗಳು ಅಲ್ಲಿನ ಔಷಧ ಅಂಗಡಿಗಳಲ್ಲಿ ಪರಿಚಿತವಲ್ಲ.

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಸಂದರ್ಶಕರಿಗೆ ಪೂರ್ತಿ ಉಚಿತವಲ್ಲ. ತುರ್ತು ವಿಭಾಗದ ಚಿಕಿತ್ಸೆಗೆ ಶುಲ್ಕವಿಲ್ಲ. ಆದರೆ ಆಸ್ಪತ್ರೆಗೆ ದಾಖಲಾದರೆ ನಿಗದಿತ ದರದ ಒಂದೂವರೆ ಪಟ್ಟು, ಅಂದರೆ ಶೇ. 150ರಷ್ಟು ತೆರಬೇಕಾಗುತ್ತದೆ. ಹಿರಿಯರು ಪ್ರಯಾಣ ವಿಮೆ ಮಾಡಿಸುವಾಗ ಈಗಾಗಲೇ ಇರುವ ಕಾಯಿಲೆಗಳನ್ನು ಮುಚ್ಚಿಡದೆ ತಿಳಿಸಿ, ಅವುಗಳಿಗೆ ರಕ್ಷಣೆ ಇದೆಯೇ ಎಂದು ಓದಿ ನೋಡಬೇಕು. ಮುಚ್ಚಿಟ್ಟ ಕಾಯಿಲೆಯ ವೆಚ್ಚ ಕೊನೆಗೆ ಮಕ್ಕಳ ತಲೆಯ ಮೇಲೆ ಬರುತ್ತದೆ.

ವಿಮಾನದಲ್ಲಿ

ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ವಿದೇಶೀ ವಿಮಾನಗಳ ಸಂಚಾರ 2023ರ ಸೆಪ್ಟೆಂಬರ್‌ನಿಂದ ಎರಡನೆಯ ಟರ್ಮಿನಲ್‌ಗೆ ವರ್ಗವಾಗಿದೆ. ಹೊರಡುವ ವೇಳೆಗೆ ಕನಿಷ್ಠ 3 ಗಂಟೆ ಮೊದಲು ಅಲ್ಲಿರಬೇಕು. ನೇರ ವಿಮಾನದಲ್ಲಿ ಲಂಡನ್ ಸುಮಾರು ಹತ್ತರಿಂದ ಹನ್ನೊಂದು ಗಂಟೆಗಳ ದಾರಿ. ಹೆಚ್ಚು ನಡೆಯಲಾಗದವರು ಗಾಲಿಕುರ್ಚಿಯ ನೆರವನ್ನು 48 ಗಂಟೆಗಳಿಗೂ ಮೊದಲೇ ಕೋರಿಕೊಳ್ಳಬೇಕು. ಇದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ. ದೊಡ್ಡ ನಿಲ್ದಾಣಗಳಲ್ಲಿ ನಡಿಗೆಯ ದೂರ ಬಹಳ.

ಸಸ್ಯಾಹಾರಿಗಳು ಊಟ ಕಾದಿರಿಸುವಾಗ ಒಂದು ಸೂಕ್ಷ್ಮವನ್ನು ಗಮನಿಸಬೇಕು. ವಿಮಾನಯಾನದ ಪರಿಭಾಷೆಯಲ್ಲಿ 'ಹಿಂದೂ ಮೀಲ್' ಎಂಬುದು ಸಾಮಾನ್ಯವಾಗಿ ಗೋಮಾಂಸವಿಲ್ಲದ ಮಾಂಸಾಹಾರ. ಸಸ್ಯಾಹಾರಿಗಳು ಕೇಳಬೇಕಾದುದು 'ಏಷ್ಯನ್ ವೆಜಿಟೇರಿಯನ್' ಅಥವಾ 'ಜೈನ್' ಊಟ.

ವಿಮಾನದೊಳಗಿನ ಗಾಳಿ ಬಹಳ ಶುಷ್ಕ; ಅದರ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟು. ಶೌಚಾಲಯಕ್ಕೆ ಹೋಗುವ ಮುಜುಗರದಿಂದ ನೀರನ್ನೇ ಕುಡಿಯದೆ ಹಲವು ಹಿರಿಯರು ಕುಳಿತುಬಿಡುತ್ತಾರೆ. ಇದು ಸರಿಯಲ್ಲ. ಗಂಟೆಗಟ್ಟಲೆ ಕಾಲಾಡಿಸದೆ ಕುಳಿತರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಆಗಾಗ ನೀರು ಕುಡಿಯುವುದು, ಗಂಟೆ ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದು ಹಿತಕರ. ಹೃದ್ರೋಗಿಗಳೂ ಇತ್ತೀಚೆಗೆ ಶಸ್ತ್ರಚಿಕಿತ್ಸೆಗೆ ಒಳಗಾದವರೂ ಮೊದಲೇ ವೈದ್ಯರ ಸಲಹೆ ಪಡೆಯಬೇಕು.

ಹೀಥ್ರೂನಲ್ಲಿ ಇಳಿದ ಮೇಲೆ

ವಲಸೆ ಅಧಿಕಾರಿ ಕೇಳುವ ಪ್ರಶ್ನೆಗಳು ಸರಳ: ಬಂದ ಉದ್ದೇಶವೇನು, ಎಲ್ಲಿ ತಂಗುವಿರಿ, ಎಂದು ಹಿಂದಿರುಗುವಿರಿ. ಉತ್ತರವೂ ಚಿಕ್ಕದಾಗಿ, ನಿಜವಾಗಿ ಇರಲಿ. ಮಕ್ಕಳ ಮನೆಯ ವಿಳಾಸ, ದೂರವಾಣಿ ಸಂಖ್ಯೆ, ಮರಳುವ ಟಿಕೆಟ್, ವಿಮೆಯ ಪತ್ರ ಇವೆಲ್ಲ ಕಾಗದದ ಮೇಲೆ ಇರಬೇಕು. ಮೊಬೈಲ್‌ನಲ್ಲಿ ಮಾತ್ರ ಇದ್ದರೆ, ಬ್ಯಾಟರಿ ಮುಗಿದಾಗ ಅಥವಾ ಸಂಪರ್ಕ ಸಿಗದಾಗ ಅವು ಇದ್ದೂ ಇಲ್ಲದಂತೆ. ಹೀಥ್ರೂನಲ್ಲಿ ಈಗ 2ರಿಂದ 5ರವರೆಗಿನ ನಾಲ್ಕು ಟರ್ಮಿನಲ್‌ಗಳಿವೆ. ಎಲ್ಲಿ ಇಳಿಯುವುದೆಂದು ಕರೆದೊಯ್ಯಲು ಬರುವವರಿಗೆ ಮೊದಲೇ ತಿಳಿಸಿರಬೇಕು.

ನಗರದಲ್ಲಿ

ಲಂಡನ್ನಿನ ಕಾಲಮಾನ ಚಳಿಗಾಲದಲ್ಲಿ ನಮ್ಮದಕ್ಕಿಂತ ಐದೂವರೆ ಗಂಟೆ, ಬೇಸಗೆಯಲ್ಲಿ ನಾಲ್ಕೂವರೆ ಗಂಟೆ ಹಿಂದೆ. ದೇಹ ಹೊಂದಿಕೊಳ್ಳಲು ನಾಲ್ಕೈದು ದಿನ ಬೇಕು. ಮೊದಲ ದಿನಗಳಲ್ಲಿ ಹಗಲು ಬೆಳಕಿನಲ್ಲಿ ಅಡ್ಡಾಡಿ, ಅಲ್ಲಿನ ರಾತ್ರಿಯವರೆಗೆ ನಿದ್ದೆ ತಡೆದರೆ ಅನುಕೂಲ. ಇನ್ಸುಲಿನ್ ವೇಳೆಯ ಬದಲಾವಣೆಯನ್ನು ವೈದ್ಯರಲ್ಲಿ ಮೊದಲೇ ಕೇಳಿಕೊಂಡಿರಬೇಕು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕರೊಳಗೇ ಸೂರ್ಯಾಸ್ತ. ಜೂನ್‌ನಲ್ಲಿ ಒಂಬತ್ತರ ಬಳಿಕ.

ವಿದ್ಯುತ್ ನಮ್ಮಲ್ಲಿಯಂತೆ 230 ವೋಲ್ಟ್. ಆದರೆ ಅಲ್ಲಿನ ಪ್ಲಗ್ಗಿನ ಮೂರು ಕಡ್ಡಿಗಳು ಚಪ್ಪಟೆ, ಅಡಾಪ್ಟರ್ ಬೇಕು. ಲಂಡನ್ನಿನ ಬಸ್ಸುಗಳಲ್ಲಿ 2014ರಿಂದ ನಗದು ಪಡೆಯುವುದಿಲ್ಲ. ಬಸ್ಸಿಗೂ ಭೂಗತ ರೈಲಿಗೂ ಆಯಿಸ್ಟರ್ ಕಾರ್ಡ್ ಅಥವಾ ಬ್ಯಾಂಕಿನ ಸಂಪರ್ಕರಹಿತ ಕಾರ್ಡ್ ಸಾಕು. ಒಬ್ಬೊಬ್ಬರಿಗೂ ಬೇರೆ ಬೇರೆ ಕಾರ್ಡ್ ಇರಬೇಕು. ರೈಲಿನಲ್ಲಿ ಹತ್ತುವ, ಇಳಿಯುವ ಎರಡೂ ನಿಲ್ದಾಣಗಳಲ್ಲಿ ಅದನ್ನು ತಾಗಿಸಬೇಕು; ಬಸ್ಸಿನಲ್ಲಿ ಹತ್ತುವಾಗ ಮಾತ್ರ. ನಮ್ಮ ಬ್ಯಾಂಕ್ ಕಾರ್ಡ್ ಒಯ್ಯುವವರು ವಿದೇಶದ ಬಳಕೆಯನ್ನು ಊರಿನಲ್ಲಿರುವಾಗಲೇ ಚಾಲೂ ಮಾಡಿಸಿಕೊಳ್ಳಬೇಕು.

ನೋಡಲು ಹಣ ಸುರಿಯಬೇಕಾಗಿಲ್ಲ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿಗಳ ಮುಖ್ಯ ಸಂಗ್ರಹಗಳಿಗೆ ಪ್ರವೇಶ ಉಚಿತ. 1799ರಲ್ಲಿ ಶ್ರೀರಂಗಪಟ್ಟಣದಿಂದ ಒಯ್ಯಲಾದ ಟಿಪ್ಪುವಿನ ಹುಲಿ ಸೇರಿರುವ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸಹ ಉಚಿತ. ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯಿದೆ.

ತುರ್ತು ನೆರವಿಗೆ 999, ತುರ್ತಲ್ಲದ ವೈದ್ಯಕೀಯ ಸಲಹೆಗೆ 111 ಕರೆ ಮಾಡಬೇಕು. ಪಾಸ್‌ಪೋರ್ಟ್ ಕಳೆದರೆ ಪೊಲೀಸರಿಗೂ ಆಲ್ಡ್‌ವಿಚ್‌ನ ಇಂಡಿಯಾ ಹೌಸ್‌ನಲ್ಲಿರುವ ಭಾರತೀಯ ಹೈಕಮಿಷನ್‌ಗೂ ತಿಳಿಸಬೇಕು. ಪಾಸ್‌ಪೋರ್ಟ್, ವೀಸಾ, ವಿಮೆಗಳ ಒಂದು ಪ್ರತಿ ಕೈಚೀಲದಲ್ಲಿ, ಇನ್ನೊಂದು ಊರಿನಲ್ಲಿ ನಂಬಿಕಸ್ಥರ ಬಳಿ ಇರಲಿ. ದಂಪತಿಗಳಾಗಿ ಹೊರಟವರು ಎಲ್ಲ ಕಾಗದಪತ್ರಗಳನ್ನೂ ಒಬ್ಬರ ಚೀಲದಲ್ಲಿಯೇ ಇಡದೆ, ಇಬ್ಬರೂ ತಮ್ಮ ತಮ್ಮ ಪಾಸ್‌ಪೋರ್ಟ್, ಔಷಧ ಮತ್ತು ವಿಳಾಸದ ಚೀಟಿಯನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳುವುದು ಕ್ಷೇಮ.