ಒಂದು ಕಚ್ಚಿನ ಚರಿತ್ರೆ

ಮಿಹಾನ್ ಅನ್ನುವುದು ಯಾವುದೋ ಹಳ್ಳಿಯ ಹೆಸರೆಂದೇ ನಾನು ಬಹಳ ದಿನ ನಂಬಿದ್ದೆ. ಆಮೇಲೆ ತಿಳಿಯಿತು, ಅದು ವಿಮಾನ ನಿಲ್ದಾಣದ ಯೋಜನೆಯೊಂದರ ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳ ಜೋಡಣೆ. ಕೊನೆಯ ಅಕ್ಷರ ನಾಗಪುರದ್ದು. ನಿಜವಾದ ಹಳ್ಳಿಯ ಹೆಸರು ಖಾಪ್ರಿ. ಅದರ ಆಸುಪಾಸಿನಲ್ಲೀಗ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು. ನನ್ನ ಗಂಡನಿಗೆ ಅಲ್ಲಿ ಕೆಲಸ. ನನಗೆ ಮನೆಯಲ್ಲೇ, 2014ರ ಲ್ಯಾಪ್‌ಟಾಪಿನ ಮುಂದೆ, ಅನುವಾದ.

ಅದರಲ್ಲಿದ್ದದ್ದು 4 ಜಿಬಿ ರ್ಯಾಮ್. ಅನುವಾದದ ಸಾಫ್ಟ್‌ವೇರ್ ಒಂದೊಂದು ವಾಕ್ಯಕ್ಕೂ ಏದುಸಿರು ಬಿಡುತ್ತಿತ್ತು. 8 ಜಿಬಿಯ ಪಟ್ಟಿಯೊಂದನ್ನು ತಂದು, ಹಳೆಯದನ್ನು ಕಿತ್ತು ಕೂರಿಸಿದೆ. ಟಕ್ ಎಂದು ಕೂತಿತು. ಗುಂಡಿ ಒತ್ತಿದರೆ ಕಪ್ಪು ಪರದೆ. ಮರುದಿನ ಬೆಳಿಗ್ಗೆ ಹತ್ತಕ್ಕೆ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರವೊಂದರ ಕನ್ನಡ ಅನುವಾದ ಕೊಡಬೇಕಿತ್ತು. ಹಳೆಯ ಪಟ್ಟಿಯನ್ನೇ ಮತ್ತೆ ಸಿಕ್ಕಿಸಿ, ರಾತ್ರಿ ಎರಡರವರೆಗೆ ಕೂತು ಮುಗಿಸಿದೆ.

ಅಂಗಡಿಯವನು ಮರಾಠಿಯಲ್ಲಿ ಹೇಳಿದ್ದರ ಕನ್ನಡ ಇಷ್ಟು: "ಅಕ್ಕಾ, ಕೂತಿತು ಅಂದಮಾತ್ರಕ್ಕೆ ನಡೆಯುತ್ತೆ ಅಂತಲ್ಲ."

ಹಾಗಾದರೆ ಆ ಪಟ್ಟಿಯ ಅಂಚಿನಲ್ಲಿ ಕಚ್ಚು ಯಾಕಿದೆ? ತಪ್ಪು ಪಟ್ಟಿ ಕೂರದಿರಲಿ ಎಂದಲ್ಲವೇ?

ಈ ಕಥೆಯಲ್ಲಿ ಒಬ್ಬನೇ ಮನುಷ್ಯನ ಹೆಸರು ಎರಡು ಸಲ ಬರುತ್ತದೆ. 1920ರಲ್ಲಿ ಶಾಂಘೈನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಆನ್ ವಾಂಗ್, ಕಾಂತೀಯ ಉಂಗುರಗಳಲ್ಲಿ ನೆನಪನ್ನು ಹಿಡಿದಿಡುವ ವಿಧಾನಕ್ಕೆ ಪೇಟೆಂಟ್ ಪಡೆದು ಐಬಿಎಂಗೆ ಮಾರಿದ. ಅಂಥ ಉಂಗುರಗಳ ನೆನಪೇ ಮುಂಬಯಿಯ ಟಾಟಾ ಸಂಸ್ಥೆಯಲ್ಲಿ ಕಟ್ಟಿದ ಟಿಫ್ರಾಕ್ ಗಣಕದಲ್ಲೂ ಇತ್ತು: 40 ಬಿಟ್‌ಗಳ 2,048 ಪದಗಳು, ಈಗಿನ ಲೆಕ್ಕದಲ್ಲಿ 10 ಕೆಬಿ. ನಾನು ತಂದ ಪಟ್ಟಿ ಅದರ ಎಂಟು ಲಕ್ಷ ಪಟ್ಟಿಗೂ ಹೆಚ್ಚು. ಟಿಫ್ರಾಕ್ ಕೆಲಸವಾದರೂ ಮಾಡುತ್ತಿತ್ತು.

ಉಂಗುರಗಳು ಹೋಗಿ ಚಿಪ್‌ಗಳು ಬಂದವು. ನೆನಪು ಹೆಚ್ಚಿಸಬೇಕಾದರೆ ಒಂದೊಂದೇ ಚಿಪ್ಪನ್ನು, ಕಾಲು ಮುರಿಯದ ಹಾಗೆ, ಕೈಯಿಂದ ಕೂರಿಸಬೇಕು. 1983ರಲ್ಲಿ ವಾಂಗ್ ಕಟ್ಟಿದ ಕಂಪನಿಯೇ ಒಂಬತ್ತು ಚಿಪ್‌ಗಳನ್ನು ಸಣ್ಣ ಪಟ್ಟಿಯೊಂದರ ಮೇಲೆ ಸಾಲಾಗಿ ಕೂರಿಸಿತು. ಅದೇ ಸಿಮ್ (ಮೊಬೈಲಿನದಲ್ಲ). ಎಲ್ಲರೂ ಇದನ್ನೇ ತಯಾರಿಸಿದರೆ ಬೆಲೆ ಇಳಿಯುತ್ತದೆಂದು ಕಂಪನಿ ಬೇರೆ ತಯಾರಕರನ್ನು ಹುರಿದುಂಬಿಸಿತು. ಮಾನದಂಡ ನಿಗದಿ ಮಾಡುವ ಜೆಡೆಕ್ ಸಂಸ್ಥೆಯ ಮುಂದೂ ಇಟ್ಟಿತು. ಪೇಟೆಂಟಿಗೆ ಅರ್ಜಿ ಹಾಕಿದ್ದನ್ನು ಮಾತ್ರ ಅಲ್ಲಿ ಬಾಯಿಬಿಡಲಿಲ್ಲ. ಪಟ್ಟಿ ಲೋಕವೆಲ್ಲ ಹರಡಿದ ಮೇಲೆ ಹಣ ಕೊಡಿ ಎಂದು ಕೇಳಿತು. ಮಿತ್ಸುಬಿಶಿಯ ಮೇಲೆ ಹೂಡಿದ ದಾವೆಯಲ್ಲಿ 1997ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ, ನೀವೇ ಕರೆದು ಮಾಡಿಸಿದ್ದೀರಿ, ಅದೇ ಪರವಾನಗಿಯಾಯಿತು ಎಂಬರ್ಥದ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಆನ್ ವಾಂಗ್ ತೀರಿಕೊಂಡಿದ್ದ, ಕಂಪನಿಯೂ ದಿವಾಳಿಯ ಬಾಗಿಲು ಕಂಡಿತ್ತು. ನನಗೆ ಈ ತೀರ್ಪು ಇಷ್ಟ. ಯಾರ ರ್ಯಾಮ್ ಯಾರ ಯಂತ್ರಕ್ಕಾದರೂ ಹೊಂದಬಹುದು ಎಂಬ ನಮ್ಮ ಸಲುಗೆ ಇಂಥ ಜಗಳಗಳನ್ನು ದಾಟಿ ಬಂದದ್ದು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಜೆಡೆಕ್ ಡಿಡಿಆರ್ ಮಾನದಂಡವನ್ನು 2000ದಲ್ಲಿ ಪ್ರಕಟಿಸಿತು, ಡಿಡಿಆರ್3 2007ರಲ್ಲಿ, ಡಿಡಿಆರ್4 2012ರಲ್ಲಿ, ಡಿಡಿಆರ್5 2020ರಲ್ಲಿ. ಪ್ರತಿ ತಲೆಮಾರಿಗೂ ವೋಲ್ಟೇಜ್ ಇಳಿಯಿತು, ಕಚ್ಚು ಒಂದಿಷ್ಟು ಜರುಗಿತು. ಲ್ಯಾಪ್‌ಟಾಪಿನ ಡಿಡಿಆರ್3 ಪಟ್ಟಿಗೆ 204 ಪಿನ್, ಡಿಡಿಆರ್4ಕ್ಕೆ 260. ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲ.

ನಾನು ಎಡವಿದ್ದು ಒಂದೇ ತಲೆಮಾರಿನ ಒಳಗೆ. ಬ್ಯಾಟರಿ ಉಳಿಸಲೆಂದು 2010ರಲ್ಲಿ ಡಿಡಿಆರ್3ರಲ್ಲೇ 1.5 ವೋಲ್ಟಿನ ಬದಲು 1.35ರಲ್ಲಿ ನಡೆಯುವ ಬಗೆಯೊಂದು ಬಂತು, ಡಿಡಿಆರ್3ಎಲ್. ಅದು ಹಳೆಯ ಯಂತ್ರದ 1.5ರಲ್ಲೂ ನಡೆಯುತ್ತದೆ. ಹಾಗಾಗಿ ಕಚ್ಚನ್ನು ಬೇರೆ ಕಡೆ ಇಡಲಿಲ್ಲ. ಆದರೆ 1.35 ಮಾತ್ರ ಕೊಡುವ ನನ್ನಂಥವರ ಲ್ಯಾಪ್‌ಟಾಪಿನಲ್ಲಿ ಹಳೆಯ 1.5ರ ಪಟ್ಟಿ ಕೂರುತ್ತದೆ, ಏಳುವುದಿಲ್ಲ. ವ್ಯತ್ಯಾಸವಿರುವುದು ಚೀಟಿಯ ಮೇಲಿನ ಒಂದಕ್ಷರದಲ್ಲಿ: ಪಿಸಿ3 ಅಲ್ಲ, ಪಿಸಿ3ಎಲ್. ದಿನವಿಡೀ ಅಲ್ಪಪ್ರಾಣ ಮಹಾಪ್ರಾಣ ತಿದ್ದುವವಳು ನಾನು!

ಅಂಗಡಿಯವನು ಪಟ್ಟಿ ಬದಲಿಸಿ ಕೊಟ್ಟ. ಹಳೆಯ 4 ಜಿಬಿಯೂ ಎಲ್ ಬಗೆಯದೇ ಆದ್ದರಿಂದ ಅದನ್ನು ಪಕ್ಕದ ಖಾಲಿ ಜಾಗಕ್ಕೆ ಹಾಕಿದ. ಪರದೆಯ ಮೇಲೆ ಈಗ 12 ಎಂದು ತೋರಿಸುತ್ತದೆ. ಗಂಡನ ಆಫೀಸಿನ ಹೊಸ ಲ್ಯಾಪ್‌ಟಾಪಿನಲ್ಲಿ ಜಾಗವೂ ಇಲ್ಲ, ಕಚ್ಚೂ ಇಲ್ಲ; ರ್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿಬಿಟ್ಟಿದ್ದಾರೆ.