ಯೂಡಾಲ್ ಪಂಡಿತನ ವಿನೋದನಾಟಕ

ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ವ್ಯಾಕರಣ ಪಾಠಶಾಲೆಯನ್ನು ಸೇರಿದ ಬಾಲಕನಿಗೆ ಲ್ಯಾಟಿನ್ ಭಾಷೆಯೇ ವಿದ್ಯೆಯ ಆದಿಯೂ ಅಂತ್ಯವೂ ಆಗಿದ್ದಿತು. ಆ ಭಾಷೆಯನ್ನು ಓದಿ ಅರ್ಥಮಾಡಿಕೊಂಡರೆ ಸಾಲದು. ಅದರಲ್ಲಿ ನಿರರ್ಗಳವಾಗಿ ಮಾತನಾಡಬೇಕು. ಆದರೆ ಸಿಸೆರೋವಿನ ಪ್ರೌಢವಾದ ಭಾಷಣಗಳನ್ನು ಕಂಠಪಾಠ ಮಾಡಿದವನಿಗೆ ನೆರೆಯವನನ್ನು ಊಟಕ್ಕೆ ಕರೆಯುವುದು ಹೇಗೆ, ಆಳನ್ನು ಗದರಿಸುವುದು ಹೇಗೆ, ಸುಳ್ಳು ಹೇಳಿ ಸಿಕ್ಕಿಬಿದ್ದಾಗ ನುಣುಚಿಕೊಳ್ಳುವುದು ಹೇಗೆ ಎಂಬುದು ತಿಳಿಯುವಂತಿರಲಿಲ್ಲ. ಈ ಕೊರತೆಗೆ ಅಂದಿನ ಉಪಾಧ್ಯಾಯರು ಕಂಡುಕೊಂಡ ಔಷಧವೇ ಟೆರೆನ್ಸನ ನಾಟಕಗಳು. ಕ್ರಿಸ್ತಪೂರ್ವ ಎರಡನೆಯ ಶತಮಾನದ ಈ ರೋಮನ್ ಕವಿಯು ರಚಿಸಿದ ವಿನೋದನಾಟಕಗಳು ಆರು. ಆರರಲ್ಲಿಯೂ ಮನೆಮಾತಿನ ಲ್ಯಾಟಿನ್ ತಿಳಿನೀರಿನಂತೆ ಹರಿಯುತ್ತದೆ. ಅವನ ಜೊತೆಗೆ, ಅವನಿಗಿಂತ ಹಿರಿಯನೂ ಹೆಚ್ಚು ಗದ್ದಲದವನೂ ಆದ ಪ್ಲಾಟಸ್ ಕವಿಗೂ ಸ್ಥಾನವಿದ್ದಿತು.

ಸಂಭಾಷಣೆಯನ್ನು ಕಲಿಸಲು ಸಂಭಾಷಣೆಯನ್ನೇ ಆಡಿಸುವುದು ಸಹಜವಷ್ಟೆ. 1528ರ ಜನವರಿಯಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯ ಹುಡುಗರು ಟೆರೆನ್ಸನ ‘ಫಾರ್ಮಿಯೋ’ ನಾಟಕವನ್ನು ಕಾರ್ಡಿನಲ್ ವುಲ್ಸಿಯ ಸಮ್ಮುಖದಲ್ಲಿ ಆಡಿದರು. ಈಟನ್ ಶಾಲೆಯ ಆಚಾರಗಳನ್ನು 1560ರ ಸುಮಾರಿಗೆ ಬರೆದಿಟ್ಟ ವಿಲಿಯಂ ಮ್ಯಾಲಿಮ್ ಎಂಬ ಮುಖ್ಯೋಪಾಧ್ಯಾಯನು, ನವೆಂಬರ್ ಕೊನೆಯ ಸೇಂಟ್ ಆಂಡ್ರೂ ಹಬ್ಬದ ವೇಳೆಗೆ ಗುರುವು ನಾಟಕಗಳನ್ನು ಆರಿಸಿ, ಕ್ರಿಸ್ಮಸ್ ರಜಾದಿನಗಳಲ್ಲಿ ಬಾಲಕರಿಂದ ಆಡಿಸುವ ಪದ್ಧತಿಯುಂಟೆಂದು ತಿಳಿಸುತ್ತಾನೆ. ನಟರ ಕಲೆಯು ಹಗುರವಾದುದೆಂದು ಒಪ್ಪಿಕೊಂಡೂ, ಮಾತಿನ ಚಾತುರ್ಯಕ್ಕೂ ಅಂಗಚೇಷ್ಟೆಯ ಒಪ್ಪಕ್ಕೂ ಅದರಷ್ಟು ಉಪಕಾರಿ ಬೇರೊಂದಿಲ್ಲವೆಂದು ಅವನ ಅಭಿಪ್ರಾಯ. ರಸವೂ ಚಮತ್ಕಾರವೂ ಇದ್ದಲ್ಲಿ ಇಂಗ್ಲಿಷ್ ನಾಟಕವನ್ನೂ ಆಡಿಸಬಹುದೆಂದು ಅವನು ಸೇರಿಸಿದ್ದಾನೆ.

ಆ ‘ಇಂಗ್ಲಿಷ್ ನಾಟಕ’ಗಳ ಪೈಕಿ ಇಂದಿಗೂ ಉಳಿದು, ಇಂಗ್ಲಿಷಿನ ಮೊದಲ ಪೂರ್ಣಪ್ರಮಾಣದ ವಿನೋದನಾಟಕವೆಂದು ಸಾಮಾನ್ಯವಾಗಿ ಎಣಿಸಲ್ಪಡುವುದು ‘ರಾಲ್ಫ್ ರಾಯ್ಸ್ಟರ್ ಡಾಯ್ಸ್ಟರ್’. ಇದರ ಕರ್ತೃ ನಿಕೊಲಾಸ್ ಯೂಡಾಲ್ ಕವಿಯೆಂದು ಹೆಸರಾದವನಲ್ಲ, ಶಾಲಾಮಾಸ್ತರನು. 1534ರಲ್ಲಿ ಈಟನ್ ಶಾಲೆಯ ಮುಖ್ಯೋಪಾಧ್ಯಾಯನಾದನು. ಆ ಕಾಲದಲ್ಲಿಯೇ ಟೆರೆನ್ಸನ ಮೊದಲ ಮೂರು ನಾಟಕಗಳಿಂದ ಉಪಯುಕ್ತವಾದ ನುಡಿಗಟ್ಟುಗಳನ್ನು ಆಯ್ದು, ಇಂಗ್ಲಿಷ್ ಅರ್ಥದೊಡನೆ ‘ಲ್ಯಾಟಿನ್ ಸಂಭಾಷಣೆಯ ಪುಷ್ಪಗಳು’ ಎಂಬರ್ಥದ ಹೆಸರಿನಲ್ಲಿ ಮಕ್ಕಳ ಕೈಪಿಡಿಯೊಂದನ್ನು ಪ್ರಕಟಿಸಿದನು. ಪುಷ್ಪಗಳನ್ನು ಪೋಣಿಸಿದ ಕೈಯೇ ಬೆತ್ತವನ್ನೂ ಹಿಡಿದಿತ್ತು. ಕೃಷಿಯ ವಿಷಯವಾಗಿ ಪದ್ಯಗಳನ್ನು ಬರೆದು ಪ್ರಸಿದ್ಧನಾದ ತಾಮಸ್ ಟಸ್ಸರ್ ಅವನ ಶಿಷ್ಯನು. ಅಲ್ಪವಾದ ತಪ್ಪಿಗೋ, ತಪ್ಪೇ ಇಲ್ಲದೆಯೋ, ಯೂಡಾಲನಿಂದ ಒಂದೇ ಸಲಕ್ಕೆ 53 ಏಟುಗಳನ್ನು ತಿಂದುದನ್ನು ಅವನು ಮುಪ್ಪಿನವರೆಗೂ ಮರೆಯದೆ ಪದ್ಯದಲ್ಲಿ ಬರೆದಿಟ್ಟಿದ್ದಾನೆ. 1541ರಲ್ಲಿ ಶಾಲೆಯ ಬೆಳ್ಳಿಯ ಸಾಮಾನುಗಳು ಕಳವಾದ ಸಂಬಂಧದಲ್ಲಿ ಯೂಡಾಲನೇ ರಾಜಮಂತ್ರಾಲೋಚನಾ ಸಭೆಯ ವಿಚಾರಣೆಗೆ ಗುರಿಯಾದನು. ಶಿಷ್ಯನೊಬ್ಬನೊಡನೆ ದುರ್ವರ್ತನೆ ನಡೆಸಿದುದನ್ನು ಒಪ್ಪಿಕೊಂಡನೆಂದೂ ಅಲ್ಲಿಯ ದಾಖಲೆಯಲ್ಲಿದೆ. ಕೆಲಸವೂ ಹೋಯಿತು, ಸೆರೆವಾಸವೂ ಆಯಿತು. ಇಂತಹವನನ್ನು ಆದರ್ಶಗುರುವೆಂದು ಹೊಗಳುವುದು ಅಸಾಧ್ಯ. ಅವನ ಕೃತಿಯನ್ನು ಕುರಿತು ಹೇಳುವಾಗ ಈ ಸಂಗತಿಯನ್ನು ಮುಚ್ಚಿಡುವುದೂ ನ್ಯಾಯವಲ್ಲ.

ಆದರೆ ಹುಡುಗರಿಂದ ಪ್ರಾಚೀನ ವಿನೋದನಾಟಕವನ್ನು ಆಡಿಸುವುದರಲ್ಲಿರುವ ತೊಡಕನ್ನು ಅವನಷ್ಟು ಚೆನ್ನಾಗಿ ಅರಿತವರು ವಿರಳ. ರೋಮನ್ ನಾಟಕಗಳಲ್ಲಿ ನಾಯಿಕೆಯು ಬಹುಮಟ್ಟಿಗೆ ವೇಶ್ಯೆ; ಕಥೆಯ ಸೂತ್ರವನ್ನು ಹಿಡಿದವನು ಯಜಮಾನನನ್ನು ವಂಚಿಸುವ ಗುಲಾಮ; ಮಗನು ತಂದೆಯ ಹಣವನ್ನು ಲಪಟಾಯಿಸಿ ಕೊನೆಗೆ ಗೆಲ್ಲುತ್ತಾನೆ. ಭಾಷೆಯೇನೋ ಅಮೃತ, ಆದರೆ ಅದನ್ನು ಹನ್ನೆರಡು ವರ್ಷದ ಬಾಲಕನ ಬಾಯಲ್ಲಿ ಹೇಗೆ ಇಡುವುದು? ಕೆಲವರು ಅಲ್ಲಲ್ಲಿ ಕತ್ತರಿ ಹಾಕಿದರು, ಕೆಲವರು ಕಣ್ಣುಮುಚ್ಚಿಕೊಂಡರು. ಯೂಡಾಲನು ಪಾತ್ರಗಳ ಎಲುಬುಗಳನ್ನು ಮಾತ್ರ ಉಳಿಸಿಕೊಂಡು ಮೈಯನ್ನೆಲ್ಲಾ ಬದಲಾಯಿಸಿದನು. ಪ್ಲಾಟಸನ ಬಡಾಯಿಯ ಯೋಧನು ಇಲ್ಲಿ ರಾಲ್ಫ್ ಎಂಬ ಲಂಡನ್ನಿನ ಜಂಬಗಾರನಾದನು. ಪರಾನ್ನಪುಷ್ಟನಾದ ಮುಖಸ್ತುತಿಗಾರನು, ನಮ್ಮ ಭಾಣಗಳ ವಿಟನಿಗೆ ಹತ್ತಿರದ ನೆಂಟನು, ಮ್ಯಾಥ್ಯೂ ಮೆರಿಗ್ರೀಕ್ ಎಂಬ ಹೆಸರಿನಲ್ಲಿ ಬಂದನು. ವೇಶ್ಯೆಯ ಸ್ಥಾನದಲ್ಲಿ ನಿಂತವಳು ಕಸ್ಟನ್ಸ್ ಎಂಬ ಸಚ್ಛೀಲಳಾದ ವಿಧವೆ. ಅವಳಿಗೆ ಗುಡ್‌ಲಕ್ ಎಂಬ ವರ್ತಕನೊಡನೆ ವಿವಾಹ ನಿಶ್ಚಯವಾಗಿದೆ; ಅವನು ಸಮುದ್ರಯಾನದಲ್ಲಿದ್ದಾನೆ. ಆ ಬಿಡುವಿನಲ್ಲಿ ರಾಲ್ಫನು ಅವಳನ್ನು ವರಿಸಲು ಹೊರಡುವುದೇ ಐದು ಅಂಕಗಳ ಕಥೆ.

ಒಟ್ಟು ಹದಿಮೂರು ಪಾತ್ರಗಳು, ಅವುಗಳಲ್ಲಿ ನಾಲ್ಕು ಸ್ತ್ರೀಪಾತ್ರ, ಎಲ್ಲವೂ ಹುಡುಗರಿಗೇ. ದೃಶ್ಯವು ಕಸ್ಟನ್ಸಳ ಮನೆಯ ಮುಂದಿನ ಬೀದಿ, ಪರದೆಗಳ ಗೊಡವೆಯಿಲ್ಲ. ಬಾಲಕರಿಗೆ ಯಾವುದು ಬರುತ್ತದೆ, ಯಾವುದು ಬಾರದು ಎಂಬ ತಿಳಿವಳಿಕೆ ಪುಟಪುಟದಲ್ಲಿಯೂ ಕಾಣುತ್ತದೆ. ಗಾಢವಾದ ಶೃಂಗಾರವು ಬಾರದು, ಆದುದರಿಂದ ಅದಿಲ್ಲ. ಹಾಡು ಬರುತ್ತದೆ; ದಾಸಿಯರು ನೂಲುತ್ತ ಹೊಲಿಯುತ್ತ ಹಾಡುತ್ತಾರೆ. ಪ್ರೇಮದಿಂದ ಸಾಯುವೆನೆಂದ ರಾಲ್ಫನಿಗೆ ಮೆರಿಗ್ರೀಕನು ಜೀವಂತವಾಗಿರುವಾಗಲೇ ಅಪರಮಂತ್ರವನ್ನು ಹಾಡಿ, ಸಾವಿನ ಗಂಟೆಯನ್ನೂ ಹೊಡೆಸುತ್ತಾನೆ. ಹೊಡೆದಾಟವಂತೂ ಹುಡುಗರಿಗೆ ಯಾರೂ ಕಲಿಸಬೇಕಾದುದಿಲ್ಲ. ನಾಲ್ಕನೆಯ ಅಂಕದಲ್ಲಿ ರಾಲ್ಫನು ದಂಡೆತ್ತಿ ಬಂದಾಗ ಮನೆಯ ಹೆಂಗಸರು ಕದಿರುಗೋಲನ್ನೂ ಪೊರಕೆಯನ್ನೂ ಹಿಡಿದು ಎದುರಿಸುತ್ತಾರೆ. ಮೆರಿಗ್ರೀಕನು ಅವಳಿಗೆ ಹೊಡೆಯುವವನಂತೆ ನಟಿಸಿ ಪ್ರತಿ ಏಟನ್ನೂ ರಾಲ್ಫನಿಗೇ ಹಾಕುತ್ತಾನೆ. 53 ಏಟುಗಳ ಗುರುವು ರಂಗದ ಮೇಲೆ ಏಟುಗಳನ್ನು ಹಂಚುವ ಅಧಿಕಾರವನ್ನು ಶಿಷ್ಯರಿಗೇ ಒಪ್ಪಿಸಿದುದು ವಿಚಿತ್ರವೇ ಸರಿ.

ಆದರೆ ನಾಟಕದ ಹೃದಯವಿರುವುದು ಮೂರನೆಯ ಅಂಕದಲ್ಲಿ. ವೃತ್ತಿಯ ಬರೆಹಗಾರನೊಬ್ಬನು ರಚಿಸಿಕೊಟ್ಟ ಪ್ರೇಮಪತ್ರವನ್ನು ರಾಲ್ಫನು ತನ್ನ ಕೈಯಿಂದ ನಕಲುಮಾಡಿ ಕಸ್ಟನ್ಸಳಿಗೆ ಕಳುಹಿಸಿರುತ್ತಾನೆ. ಅದನ್ನು ಮೆರಿಗ್ರೀಕನು ಅವಳ ಮುಂದೆ ಗಟ್ಟಿಯಾಗಿ ಓದುತ್ತಾನೆ. ಒಂದಕ್ಷರವನ್ನೂ ಬದಲಿಸುವುದಿಲ್ಲ, ನಿಲ್ಲಿಸಬೇಕಾದಲ್ಲಿ ನಿಲ್ಲಿಸದೆ, ನಿಲ್ಲಿಸಬಾರದಲ್ಲಿ ನಿಲ್ಲಿಸುತ್ತಾನೆ, ಅಷ್ಟೆ. ಆ ಬಗೆಯನ್ನು ಕನ್ನಡದಲ್ಲಿ ತೋರಿಸಬೇಕಾದರೆ, ‘ನಿಮ್ಮಲ್ಲಿ ನನಗೆ ಆದರ ಎಳ್ಳಷ್ಟೂ ಇಲ್ಲ ನಿಮ್ಮ ಹೊನ್ನಿನಲ್ಲಿ ಆಸೆ’ ಎಂಬ ವಾಕ್ಯವನ್ನು ಊಹಿಸಬಹುದು. ‘ಆದರ’ ಎಂಬಲ್ಲಿ ನಿಂತರೆ ಅದು ನಿಸ್ಪೃಹವಾದ ಪ್ರೇಮ. ‘ಇಲ್ಲ’ ಎಂಬಲ್ಲಿ ನಿಂತರೆ ಬಯಲಾದ ಧನಲೋಭ. ಪತ್ರವು ಆದ್ಯಂತವೂ ಹೀಗೆಯೇ ಹೆಣೆಯಲ್ಪಟ್ಟಿದೆ. ಕಸ್ಟನ್ಸ್ ಸಿಡಿದು ಹೋಗುತ್ತಾಳೆ. ರಾಲ್ಫನು ಬರೆಹಗಾರನನ್ನು ಹೊಡೆಯಲು ಓಡುತ್ತಾನೆ. ಮುಂದಿನ ದೃಶ್ಯದಲ್ಲಿ ಆ ಬರೆಹಗಾರನು ಅದೇ ಪತ್ರವನ್ನು ಅದೇ ಮಾತುಗಳಿಂದ ಸರಿಯಾಗಿ ಓದುತ್ತಾನೆ. ಬೈಗುಳವೆಲ್ಲಾ ಮಾಯವಾಗಿ ಪ್ರೇಮವು ಉಳಿಯುತ್ತದೆ.

ಪಾಠಶಾಲೆಯಲ್ಲಿ ಪದಚ್ಛೇದ, ಅನ್ವಯಗಳನ್ನು ಅಭ್ಯಾಸಮಾಡಿದವರಿಗೆ ಈ ದೃಶ್ಯದ ಮರ್ಮವನ್ನು ವಿವರಿಸಬೇಕಾದುದಿಲ್ಲ. ಕಥಾಸರಿತ್ಸಾಗರದಲ್ಲಿ ಜಲಕ್ರೀಡೆಯಿಂದ ಬಳಲಿದ ರಾಣಿಯು ‘ನೀರೆರಚಬೇಡ’ ಎಂಬರ್ಥದಲ್ಲಿ ‘ಮೋದಕೈಃ’ ಎಂದಾಗ, ‘ಮಾ ಉದಕೈಃ’ ಎಂದು ಬಿಡಿಸಲರಿಯದ ಸಾತವಾಹನ ರಾಜನು ಮೋದಕಗಳನ್ನು ತರಿಸಿ ನಗೆಗೀಡಾದನಲ್ಲವೆ? ಆ ನಾಚಿಕೆಯಿಂದಲೇ ಶರ್ವವರ್ಮನ ಕಾತಂತ್ರ ವ್ಯಾಕರಣವು ಹುಟ್ಟಿತೆಂದು ಕಥೆ. ಅಲ್ಲಿ ನಗೆಯಿಂದ ವ್ಯಾಕರಣವು ಹುಟ್ಟಿತು. ಯೂಡಾಲನು ವ್ಯಾಕರಣದಿಂದ ನಗೆಯನ್ನು ಹುಟ್ಟಿಸಿದನು. ಈ ದೃಶ್ಯವನ್ನು ಇಬ್ಬರು ಹುಡುಗರಿಗೆ ಅಭ್ಯಾಸಮಾಡಿಸಿದ ಉಪಾಧ್ಯಾಯನಿಗೆ ವಿರಾಮದ ವಿಷಯವಾಗಿ ಬೇರೆ ಪಾಠ ಹೇಳುವ ಅಗತ್ಯವಿಲ್ಲ. ತಪ್ಪಾಗಿ ಓದುವವನು ಸರಿಯಾದ ಅರ್ಥವನ್ನು ಬಲ್ಲವನಾಗಿದ್ದರಲ್ಲದೆ ಸೊಗಸಾಗಿ ತಪ್ಪಲಾರನು. ಬೆತ್ತದ ಅವಶ್ಯಕತೆಯೇ ಇಲ್ಲದ ಪಾಠವೊಂದನ್ನು ಬೆತ್ತಕ್ಕೆ ಹೆಸರಾದವನೇ ಬರೆದಿಟ್ಟನು.

ಪದಚ್ಯುತನಾದ ಮೇಲೆ ಯೂಡಾಲನು ಭಾಷಾಂತರಗಳಿಂದ ಮತ್ತೆ ತಲೆಯೆತ್ತಿದನು. 1554ರ ಡಿಸೆಂಬರ್‌ನಲ್ಲಿ ಮೇರಿ ರಾಣಿಯು ಹೊರಡಿಸಿದ ಆಜ್ಞಾಪತ್ರವೊಂದರಲ್ಲಿ ಅವನು ತನ್ನ ಮುಂದೆ ಆಡಿಸಿದ ನಾಟಕಗಳ ಪ್ರಸ್ತಾಪವಿದೆ. ಕೊನೆಗೆ ವೆಸ್ಟ್‌ಮಿನ್‌ಸ್ಟರ್ ಶಾಲೆಯ ಮುಖ್ಯೋಪಾಧ್ಯಾಯನಾಗಿ 1556ರ ಡಿಸೆಂಬರ್‌ನಲ್ಲಿ ತೀರಿಕೊಂಡನು. ನಾಲ್ಕು ವರ್ಷಗಳ ತರುವಾಯ, ಎಲಿಜಬೆತ್ ರಾಣಿಯ ಕಾಲದಲ್ಲಿ, ಆ ಶಾಲೆಯ ನಿಬಂಧನೆಗಳಲ್ಲಿಯೇ ವರ್ಷಕ್ಕೊಮ್ಮೆ ಬಾಲಕರು ಲ್ಯಾಟಿನ್ ನಾಟಕವಾಡತಕ್ಕುದೆಂಬ ವಿಧಿಯು ಸೇರಿತು. 1564–65ರ ಚಳಿಗಾಲದಲ್ಲಿ ಅಲ್ಲಿಯ ಹುಡುಗರು ಆಡಿದುದು ಪ್ಲಾಟಸನ ಬಡಾಯಿಯ ಯೋಧನ ನಾಟಕವನ್ನೇ. ಆಗಿನ ಖರ್ಚಿನ ಲೆಕ್ಕದಲ್ಲಿ ಗುಂಡುಸೂಜಿಗಳು, ಕಲ್ಲುಸಕ್ಕರೆ, ಗಂಟಲು ಕಟ್ಟಿದ ಮಕ್ಕಳಿಗೆ ಬೆಣ್ಣೆ ಹಾಕಿ ಕಾಯಿಸಿದ ಬೀರು, ರಾಣಿಗೆ ಅರ್ಪಿಸಿದ ಪ್ಲಾಟಸನ ಪ್ರತಿ ಇವೆಲ್ಲಾ ದಾಖಲಾಗಿವೆ. ಶಾಲೆಯಲ್ಲಿ ನಾಟಕವಾಡಿಸಿದವರಿಗೆ ಆ ಗಂಟಲುಗಳ ಸ್ಥಿತಿ ಚೆನ್ನಾಗಿ ಗೊತ್ತು. ಮೂವತ್ತು ವರ್ಷಗಳ ಮೇಲೆ ಷೇಕ್ಸ್‌ಪಿಯರನು ‘ಮಧ್ಯಬೇಸಗೆಯ ಇರುಳ ಕನಸು’ ನಾಟಕದಲ್ಲಿ ಬಡಗಿ ಕ್ವಿನ್ಸನ ಕೈಯಲ್ಲಿ ಪ್ರಸ್ತಾವನೆಯನ್ನು ತಪ್ಪು ವಿರಾಮಗಳೊಡನೆ ಓದಿಸಿ ರಾಜಸಭೆಯನ್ನು ನಗಿಸುತ್ತಾನೆ. ಶಾಲೆಯ ಹಳೆಯ ಚಮತ್ಕಾರವು ಅಷ್ಟರಲ್ಲಿ ದೊಡ್ಡ ರಂಗವನ್ನು ಸೇರಿದ್ದಿತು.

ಇನ್ನು ಯೂಡಾಲನ ಹೆಸರು ಉಳಿದ ಬಗೆ. ಅವನ ನಾಟಕವು ಅವನು ಸತ್ತ ಸುಮಾರು ಹತ್ತು ವರ್ಷಗಳ ಮೇಲೆ ಅಚ್ಚಾಯಿತು. ಆಮೇಲೆ ಜನರು ಅದನ್ನು ಮರೆತೇಬಿಟ್ಟರು. 1818ರಲ್ಲಿ ತಾಮಸ್ ಬ್ರಿಗ್ಸ್ ಎಂಬ ಪಾದ್ರಿಗೆ ಒಂದೇ ಒಂದು ಪ್ರತಿ ದೊರಕಿತು. ಮುಖಪುಟವಿಲ್ಲ, ಕರ್ತೃವಿನ ಹೆಸರಿಲ್ಲ. ಅವನು ಅದನ್ನು ಕೆಲವೇ ಪ್ರತಿಗಳಾಗಿ ಪುನಃ ಮುದ್ರಿಸಿ, ಮೂಲವನ್ನು ತಾನು ಓದಿದ ಶಾಲೆಗೆ ಕಾಣಿಕೆಯಾಗಿ ಕೊಟ್ಟನು. 1825ರ ಸುಮಾರಿಗೆ ಜಾನ್ ಪೇನ್ ಕಾಲಿಯರ್ ಎಂಬ ವಿದ್ವಾಂಸನು ತಾಮಸ್ ವಿಲ್ಸನ್ ಬರೆದ ಹಳೆಯ ತರ್ಕಗ್ರಂಥದಲ್ಲಿ ರಾಲ್ಫನ ಆ ಪ್ರೇಮಪತ್ರವನ್ನೇ ಕಂಡನು. ವಿರಾಮಭೇದದಿಂದ ಅರ್ಥವು ಎರಡಾಗುವುದಕ್ಕೆ ಉದಾಹರಣೆಯಾಗಿ ವಿಲ್ಸನ್ ಅದನ್ನು ಎತ್ತಿಕೊಂಡು, ಇದು ಯೂಡಾಲನ ನಾಟಕದ್ದೆಂದು ತಿಳಿಸಿದ್ದನು. 1551ರ ಮೊದಲ ಮುದ್ರಣದಲ್ಲಿ ಇಲ್ಲದ ಈ ಉದಾಹರಣೆಯು ಸುಮಾರು 1553ರ ಮೂರನೆಯ ಮುದ್ರಣದಲ್ಲಿ ಕಾಣಿಸಿಕೊಳ್ಳುವುದರಿಂದ, ನಾಟಕವು ಈಟನ್ನಿನ ದಿನಗಳದಲ್ಲ, ಆ ನಡುವಿನ ವರ್ಷಗಳದೆಂದು ಈಗಿನವರ ನಿರ್ಣಯ. ಕಾಲಿಯರನು ಮುಂದೆ ಕೂಟದಾಖಲೆಗಳನ್ನು ಸೃಷ್ಟಿಸಿ ಅಪಕೀರ್ತಿಗೆ ಪಾತ್ರನಾದರೂ ಈ ಶೋಧವು ನಿಜವಾಗಿಯೇ ನಿಂತಿದೆ.

ವಿಲ್ಸನ್ ಯೂಡಾಲನ ಶಿಷ್ಯನು, ಈಟನ್ನಿನಲ್ಲಿ ಓದಿದವನು; ಮುಂದೆ ಎಲಿಜಬೆತ್ ರಾಣಿಯ ಕಾರ್ಯದರ್ಶಿಯ ಪದವಿಗೇರಿದನು. ಟಸ್ಸರನು ಏಟುಗಳನ್ನು ನೆನಪಿಟ್ಟನು, ವಿಲ್ಸನ್ ಪಾಠವನ್ನು ನೆನಪಿಟ್ಟನು. ಬ್ರಿಗ್ಸ್ ಪಾದ್ರಿಯು ಓದಿದ ಶಾಲೆಯೂ ಈಟನ್ನೇ. 1541ರಲ್ಲಿ ಯೂಡಾಲನನ್ನು ಹೊರಗೆ ಹಾಕಿದ ಶಾಲೆಗೆ ಅವನ ನಾಟಕದ ಏಕೈಕ ಪ್ರತಿಯು, ಅದು ಯಾರದೆಂದು ಕೊಟ್ಟವನಿಗೂ ತೆಗೆದುಕೊಂಡವರಿಗೂ ತಿಳಿಯದೆಯೇ, ಬಂದು ಸೇರಿತು. ಇಂದಿಗೂ ಅದು ಅಲ್ಲಿಯ ಪುಸ್ತಕಭಂಡಾರದಲ್ಲಿದೆ.